ಇಬ್ಬರೇ ಇರುವ ಮನೆ

‘ನಿವೃತ್ತಿ’ ಎಂಬ ಪದ ನಮ್ಮ ದೇಶದ ಚಿಂತನೆಯಲ್ಲಿ ಬಹಳ ಹಳೆಯದು. ಲೋಕವ್ಯವಹಾರದಲ್ಲಿ ತೊಡಗುವುದು ಪ್ರವೃತ್ತಿ, ಅದರಿಂದ ಹಿಂದೆ ಸರಿಯುವುದು ನಿವೃತ್ತಿ. ಮನಸ್ಸು ಮಾಗಿದಾಗ ಅದು ಒಳಗಿನಿಂದ ಬರಬೇಕೆಂಬುದು ಹಿರಿಯರ ಎಣಿಕೆಯಾಗಿತ್ತು. ನಾವು ಇಂದು ಹೇಳುವ ನಿವೃತ್ತಿಯಾದರೋ ಹೊರಗಿನಿಂದ ಬರುತ್ತದೆ. ಸೇವಾ ಪುಸ್ತಕದಲ್ಲಿ ದಾಖಲಾದ ಜನ್ಮದಿನಾಂಕ ಅದನ್ನು ನಿರ್ಧರಿಸುತ್ತದೆ. ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಒಂದು ಹಾರ, ಒಂದು ಶಾಲು, ನಾಲ್ಕು ಒಳ್ಳೆಯ ಮಾತು. ಮರುದಿನ ಬೆಳಿಗ್ಗೆ ಹೊರಟು ಹೋಗಬೇಕಾದ ಸ್ಥಳವಿಲ್ಲ. ಹುದ್ದೆಯಿಂದ ಬಿಡುಗಡೆಯಾಯಿತು ನಿಜ. ಆದರೆ ಒಬ್ಬರಿಗೊಬ್ಬರು ಆಗಬೇಕೆಂಬ ಹೊಣೆಯಿಂದಲೂ ಬಿಡುಗಡೆಯಾಯಿತೇ? ಈ ಪ್ರಶ್ನೆಯನ್ನು ಇಂದು ಮಂಗಳೂರಿನಂತಹ ನಗರದಲ್ಲಿ ಕೇಳಿಕೊಳ್ಳುವ ಅಗತ್ಯವಿದೆ.

ಮಾನವ ಇತಿಹಾಸದಲ್ಲಿ ಈ ರೀತಿಯ ನಿವೃತ್ತಿ ತೀರ ಹೊಸದು. ಜರ್ಮನಿಯಲ್ಲಿ ಬಿಸ್ಮಾರ್ಕ್‌ನ ಆಡಳಿತವು 1889ರಲ್ಲಿ ಕಾರ್ಮಿಕರಿಗಾಗಿ ವೃದ್ಧಾಪ್ಯ ಪಿಂಚಣಿಯ ಕಾನೂನನ್ನು ತಂದಾಗ ಅದಕ್ಕೆ ಗೊತ್ತುಪಡಿಸಿದ ವಯಸ್ಸು 70. ಆ ಕಾಲದ ಕಾರ್ಮಿಕರಲ್ಲಿ ಎಪ್ಪತ್ತನ್ನು ಕಂಡವರು ವಿರಳ. ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ಹೊತ್ತಿಗೆ ಜನರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಇಂದು ಅದು ಎಪ್ಪತ್ತರ ಆಸುಪಾಸಿನಲ್ಲಿದೆ. ಅರವತ್ತರಲ್ಲಿ ಕೆಲಸ ಬಿಟ್ಟವರ ಮುಂದೆ ಇನ್ನೂ ಹದಿನೈದು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷಗಳಿವೆ. ಗದ್ದೆ ಬೇಸಾಯ ಮಾಡುತ್ತಿದ್ದ ನಮ್ಮ ಅಜ್ಜಂದಿರಿಗೆ ನಿವೃತ್ತಿಯ ದಿನವೆಂಬುದೇ ಇರಲಿಲ್ಲ. ನೇಗಿಲು ಮಗನ ಕೈಗೆ ಹೋದ ಮೇಲೂ ತೆಂಗಿನಕಾಯಿ ಎಣಿಸುವುದು, ಮೊಮ್ಮಕ್ಕಳನ್ನು ನೋಡಿಕೊಳ್ಳುವುದು, ಜಗಳ ಬಿಡಿಸುವುದು ಅವರ ಪಾಲಿಗಿತ್ತು. ಹೀಗಾಗಿ ಈ ಹೊಸ ಇಪ್ಪತ್ತು ವರ್ಷಗಳನ್ನು ಹೇಗೆ ಬಾಳಬೇಕೆಂದು ನಮಗೆ ಹೇಳಿಕೊಟ್ಟವರಿಲ್ಲ.

ಮಂಗಳೂರಿಗೆ ಈ ವಿಷಯದಲ್ಲಿ ತನ್ನದೇ ಆದ ಚರಿತ್ರೆಯಿದೆ. ಇದು ಬ್ಯಾಂಕುಗಳ ತವರು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕಟ್ಟಿದ ಕೆನರಾ ಬ್ಯಾಂಕ್, 1924ರ ಕರ್ಣಾಟಕ ಬ್ಯಾಂಕ್, 1931ರ ವಿಜಯಾ ಬ್ಯಾಂಕ್ ಈ ಊರಿನಲ್ಲೇ ಹುಟ್ಟಿದವು. ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕಿನ ಪ್ರಧಾನ ಕಚೇರಿಯೂ ಇಲ್ಲಿತ್ತು. ಈ ಬ್ಯಾಂಕುಗಳಲ್ಲಿ, ಬಂದರಿನಲ್ಲಿ, ಶಾಲೆ ಆಸ್ಪತ್ರೆಗಳಲ್ಲಿ, ಮುಂಬೈ ಮತ್ತು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದ ಸಾವಿರಾರು ಜನ ಬಾಳಿನ ಸಂಜೆಯನ್ನು ಇಲ್ಲಿಯೇ ಕಳೆಯುತ್ತಿದ್ದಾರೆ. ಅವರಲ್ಲಿ ಹಲವರಿಗೆ ವಿಚಿತ್ರವಾದ ಅನುಭವವೊಂದಾಯಿತು. 2019ರಲ್ಲಿ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದೊಂದಿಗೆ, 2020ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಂದಿಗೆ ವಿಲೀನವಾದವು. ಮೂವತ್ತು ವರ್ಷ ತಮ್ಮ ಪರಿಚಯವಾಗಿದ್ದ ಹೆಸರು ಫಲಕದಿಂದಲೇ ಅಳಿದುಹೋದುದನ್ನು ಅವರು ಕಣ್ಣಾರೆ ಕಂಡರು. ಹುದ್ದೆಯ ಮೇಲೆ ಕಟ್ಟಿದ ಗುರುತು ಎಷ್ಟು ಕಾಲ ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪಾಠ ಬೇಕಿಲ್ಲ.

ಇಂತಹ ಒಂದು ದಂಪತಿಯ ದಿನಚರಿಯನ್ನು ಊಹಿಸಿಕೊಳ್ಳೋಣ. ಅವರು ಬ್ಯಾಂಕಿನಲ್ಲಿದ್ದವರು, ಆಕೆ ಶಾಲಾ ಶಿಕ್ಷಕಿ. ಮಗ ಕೆನಡಾದಲ್ಲಿ, ಮಗಳು ದುಬಾಯಿಯಲ್ಲಿ. ಹಳೆಯ ಹೆಂಚಿನ ಮನೆಯನ್ನು ಕೊಟ್ಟು ಬಿಜೈಯಲ್ಲಿಯೋ ಬೆಂದೂರಿನಲ್ಲಿಯೋ ಒಂದು ಫ್ಲ್ಯಾಟ್ ಕೊಂಡಿದ್ದಾರೆ. ಮುಂಜಾನೆ ಬಲಿಪೂಜೆ, ಕದ್ರಿ ಪಾರ್ಕಿನಲ್ಲಿ ನಾಲ್ಕು ಸುತ್ತು, ಬಂಗುಡೆಯ ಬೆಲೆಯ ಬಗ್ಗೆ ಮೀನಿನವಳೊಡನೆ ಚರ್ಚೆ, ಪತ್ರಿಕೆ, ಮಧ್ಯಾಹ್ನದ ನಿದ್ದೆ, ಸಂಜೆ ಜಪಸರ, ರಾತ್ರಿ ಮೊಮ್ಮಗನೊಂದಿಗೆ ವಿಡಿಯೊ ಕರೆ. ವಾರಕ್ಕೊಂದು ಮದುವೆ ಅಥವಾ ರೋಸ್ ಸಮಾರಂಭ. ಪಿಂಚಣಿ ತಪ್ಪದೆ ಬರುತ್ತದೆ. ಯಾವುದಕ್ಕೂ ಕೊರತೆಯಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಇದರಲ್ಲಿ ನೈತಿಕ ಪ್ರಶ್ನೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಬಹುದು.

ಪ್ರಶ್ನೆ ಇಷ್ಟೇ: ಒಂದು ದಿನ ಇವರು ಕಾಣಿಸದಿದ್ದರೆ ಅದನ್ನು ಗಮನಿಸುವವರು ಯಾರು? ಹಾಗೆಯೇ, ಯಾರು ಕಾಣಿಸದಿದ್ದರೆ ಇವರು ಗಮನಿಸುತ್ತಾರೆ?

ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲ್ ಗೆಳೆತನವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಉಪಯೋಗಕ್ಕಾಗಿ ಇರುವ ಗೆಳೆತನ, ಸಂತೋಷಕ್ಕಾಗಿ ಇರುವ ಗೆಳೆತನ, ಮತ್ತೊಬ್ಬನ ಒಳಿತನ್ನು ಅವನಿಗಾಗಿಯೇ ಬಯಸುವ ಗೆಳೆತನ. ಮೊದಲ ಎರಡು, ಕಾರಣ ಮುಗಿದೊಡನೆ ತಾವೂ ಮುಗಿಯುತ್ತವೆ. ಕಚೇರಿಯ ಸಂಬಂಧಗಳು ಬಹುಪಾಲು ಮೊದಲನೆಯ ಬಗೆಗೆ ಸೇರಿದವು. ಆದುದರಿಂದಲೇ ನಿವೃತ್ತರಾದ ಆರು ತಿಂಗಳಲ್ಲಿ ಫೋನ್ ಮೌನವಾಗುತ್ತದೆ. ಅದಕ್ಕಾಗಿ ಯಾರನ್ನೂ ದೂರಬೇಕಾಗಿಲ್ಲ. ವಾಕಿಂಗ್ ಗುಂಪು, ಪ್ರವಾಸದ ಗುಂಪು, ವಾಟ್ಸ್ಆ್ಯಪ್ ಗುಂಪು ಎರಡನೆಯ ಬಗೆಗೆ ಸೇರಿದವು. ಅವು ಒಳ್ಳೆಯವೇ. ಆದರೆ ಕಾಲು ನೋವಿನಿಂದ ವಾಕಿಂಗ್ ನಿಂತ ದಿನ ಆ ಗುಂಪಿನಿಂದ ಮನೆಗೆ ಬಂದವರೆಷ್ಟು ಎಂದು ಎಣಿಸಿದಾಗ ಮೂರನೆಯ ಬಗೆಯ ಗೆಳೆತನ ನಮ್ಮಲ್ಲಿ ಎಷ್ಟಿದೆ ಎಂಬುದು ತಿಳಿಯುತ್ತದೆ. ಮೂರನೆಯದಕ್ಕೆ ಕಾಲ ಬೇಕು, ಒಡನಾಟ ಬೇಕು ಎಂದು ಆತನೇ ಹೇಳುತ್ತಾನೆ. ನಿವೃತ್ತರ ಬಳಿ ಧಾರಾಳವಾಗಿರುವುದು ಕಾಲವೇ ಅಲ್ಲವೇ?

“ಇಷ್ಟು ವರ್ಷ ದುಡಿದದ್ದು ಸಾಕು ಫಾದರ್, ಇನ್ನಾದರೂ ನಮ್ಮಷ್ಟಕ್ಕೆ ನಾವಿರುತ್ತೇವೆ” ಎಂಬ ಮಾತನ್ನು ನಾವು ಗುರುಗಳು ಆಗಾಗ ಕೇಳುತ್ತೇವೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕುವುದು ನ್ಯಾಯವಲ್ಲ. ವಿಶ್ರಾಂತಿ ದುಡಿದವರ ಹಕ್ಕು. ಅನೇಕ ತಾಯಂದಿರಿಗೆ ನಿವೃತ್ತಿಯೆಂದರೆ ಎರಡು ದುಡಿಮೆಗಳಲ್ಲಿ ಒಂದು ಮಾತ್ರ ನಿಂತದ್ದು. ಅಡುಗೆಮನೆಯಿಂದ ಅವರಿಗೆ ನಿವೃತ್ತಿಯಿಲ್ಲ. ಆದರೆ ವಿಶ್ರಾಂತಿಯ ಹೆಸರಿನಲ್ಲಿ ನಾವು ಬಯಸುತ್ತಿರುವುದೇನು ಎಂದು ನೋಡಬೇಕು. ಹವಾಯಿಯಂತಹ ದ್ವೀಪದ ಕಡಲ ತೀರದಲ್ಲಿ ಮನೆ ಮಾಡಿ ಚಿಂತೆಯಿಲ್ಲದೆ ಕಾಲ ಕಳೆಯುವುದು ಅನೇಕ ಅಮೆರಿಕನ್ನರ ಕನಸು. ಅದೇ ದೇಶದ ಅರಿಝೋನಾದಲ್ಲಿ 1960ರಲ್ಲಿ ‘ಸನ್ ಸಿಟಿ’ ಎಂಬ ನಿವೃತ್ತರ ಊರೊಂದು ಆರಂಭವಾಯಿತು. ಗಾಲ್ಫ್ ಮೈದಾನ, ಈಜುಕೊಳ, ಕ್ಲಬ್ಬುಗಳು ಎಲ್ಲವೂ ಇದ್ದ ಆ ಊರಿನಲ್ಲಿ ಚಿಕ್ಕ ಮಕ್ಕಳಿರುವ ಕುಟುಂಬಗಳಿಗೆ ಮಾತ್ರ ಸ್ಥಳವಿರಲಿಲ್ಲ. ಗದ್ದಲವಿಲ್ಲದ ಬಾಳು ದೊರೆಯಿತು; ಅದರೊಡನೆ ಮಗುವಿನ ಅಳುವೂ ನಗುವೂ ಹೊರಗುಳಿದವು. ನಮ್ಮ ಸ್ಮೃತಿಗಳು ವಿಧಿಸಿದ ವಾನಪ್ರಸ್ಥವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಮೊಮ್ಮಕ್ಕಳನ್ನು ಕಂಡ ಗೃಹಸ್ಥನು ಪತ್ನಿಯೊಡನೆ ಕಾಡಿಗೆ ತೆರಳಬಹುದಾಗಿತ್ತು. ಆದರೆ ಅಲ್ಲಿಯೂ ಬಂದ ಅತಿಥಿಯನ್ನು ನೀರು, ಗೆಡ್ಡೆ, ಹಣ್ಣುಗಳಿಂದ ಸತ್ಕರಿಸಬೇಕೆಂಬ ನಿಯಮ ತಪ್ಪಿರಲಿಲ್ಲ. ಕಾಡಿನ ಗುಡಿಸಲಿಗೂ ತೆರೆದ ಬಾಗಿಲಿತ್ತು.

ಮುಚ್ಚಿದ ಬಾಗಿಲಿನ ಅಪಾಯ ಒಂಟಿಯಾಗಿರುವವರಿಗಿಂತ ದಂಪತಿಗಳಿಗೇ ಹೆಚ್ಚು. ಒಂಟಿ ಮನುಷ್ಯನಿಗೆ ತನ್ನ ಒಂಟಿತನ ತಿಳಿದಿರುತ್ತದೆ. ಇಬ್ಬರಿರುವ ಮನೆಯಲ್ಲಿ ಅದು ತಿಳಿಯುವುದಿಲ್ಲ. “ನನಗೆ ನೀನು, ನಿನಗೆ ನಾನು” ಎಂಬ ಪ್ರೀತಿಯ ಮಾತು ನಿಧಾನವಾಗಿ ಒಂದು ಗೋಡೆಯಾಗಿ ಬೆಳೆಯಬಹುದು. ಆದರೆ ಇಬ್ಬರಲ್ಲಿ ಒಬ್ಬರು ಮೊದಲು ಹೋಗುವುದೇ ಪ್ರಕೃತಿಯ ಕ್ರಮ. ಆಗ ಏನಾಗುತ್ತದೆಂದು ಅಂತ್ಯಕ್ರಿಯೆಗಳನ್ನು ನಡೆಸಿ, ಅನಂತರ ಆ ಮನೆಗಳಿಗೆ ಭೇಟಿ ಕೊಡುವ ನಮಗೆ ಗೊತ್ತು. ಬಂಧುಬಳಗದ ಹೆಸರು, ಹುಟ್ಟುಹಬ್ಬ, ನೆರೆಯವರ ಕಷ್ಟಸುಖ ಎಲ್ಲವೂ ಪತ್ನಿಯ ನೆನಪಿನಲ್ಲಿದ್ದವು; ಆಕೆ ಹೋದೊಡನೆ ಪತಿ ಪತ್ನಿಯನ್ನು ಮಾತ್ರವಲ್ಲ, ಇಡೀ ಊರನ್ನೇ ಕಳೆದುಕೊಂಡಂತಾಗುತ್ತದೆ. ಬ್ಯಾಂಕ್, ಮೆಸ್ಕಾಂ, ವೈದ್ಯರು ಎಲ್ಲವನ್ನೂ ಪತಿಯೇ ನೋಡಿಕೊಂಡಿದ್ದರೆ, ಆತ ಹೋದ ಮೇಲೆ ಪತ್ನಿಗೆ ಮನೆಯ ಹೊಸ್ತಿಲು ದಾಟುವುದೇ ಕಷ್ಟವಾಗುತ್ತದೆ.

ನಾವು ಪಿಂಚಣಿಗೆ ನಾಮನಿರ್ದೇಶನ ಮಾಡುತ್ತೇವೆ. ಠೇವಣಿಗೆ, ವಿಮೆಗೆ, ಮನೆಗೆ ಯಾರು ಹಕ್ಕುದಾರರೆಂದು ಬರೆದಿಡುತ್ತೇವೆ. ನನ್ನ ಬಳಿಕ ನನ್ನ ಸಂಗಾತಿಯೊಡನೆ ಕುಳಿತು ಚಹಾ ಕುಡಿಯುವವರು ಯಾರೆಂದು ಎಲ್ಲಿ ಬರೆದಿಟ್ಟಿದ್ದೇವೆ? ಇಬ್ಬರೂ ಇರುವಾಗಲೇ ಮೂರನೆಯವರಿಗೆ ಬಾಗಿಲು ತೆರೆದಿಡುವುದು ದಾಂಪತ್ಯದ ಪ್ರೀತಿಗೆ ಕೊರತೆಯಲ್ಲ. ಸಂಗಾತಿಗೆ ಕೊಡಬಹುದಾದ ಅತ್ಯಂತ ದೂರದೃಷ್ಟಿಯ ಪ್ರೀತಿಯೇ ಅದು.

ಇದರಲ್ಲಿ ಸಮುದಾಯದ ಪಾಲೂ ಇದೆ. ಹೆಂಚಿನ ಮನೆಗಳ ಕಾಲದಲ್ಲಿ ನೆರೆಯವರ ಯೋಗಕ್ಷೇಮ ಕೇಳದೆಯೇ ತಿಳಿಯುತ್ತಿತ್ತು. ಬಾವಿಯ ರಾಟೆಯ ಸದ್ದು, ಬಚ್ಚಲಿನ ಹೊಗೆ, ಅಂಗಳ ಗುಡಿಸುವ ಶಬ್ದ ಕೇಳಿಸದಿದ್ದರೆ ಯಾರಾದರೂ ಬೇಲಿಯಾಚೆಯಿಂದ ಕೂಗಿ ಕರೆಯುತ್ತಿದ್ದರು. ಫ್ಲ್ಯಾಟಿನ ಮುಚ್ಚಿದ ಬಾಗಿಲಿಗೆ ಇಂತಹ ಭಾಷೆಯಿಲ್ಲ. ಬಾಗಿಲಲ್ಲಿ ತೂಗುವ ಚೀಲದಲ್ಲಿ ಹಾಲಿನ ಪ್ಯಾಕೆಟ್ ಹಾಗೆಯೇ ಉಳಿದಿದೆಯೇ ಎಂದು ಯಾರಾದರೂ ಬೇಕೆಂದೇ ನೋಡಬೇಕು. ಹಿಂದೆ ತಾನಾಗಿ ಆಗುತ್ತಿದ್ದುದನ್ನು ಇಂದು ಕರ್ತವ್ಯವೆಂದು ತಿಳಿದು ಮಾಡಬೇಕಾಗಿದೆ. 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಕಾಯಿದೆಯು ಆಹಾರ, ಬಟ್ಟೆ, ವಸತಿ, ಚಿಕಿತ್ಸೆಗಾಗಿ ಮಕ್ಕಳಿಂದ ಜೀವನಾಂಶ ಕೊಡಿಸುತ್ತದೆ. ತಿಂಗಳಿಗೆ ಹೆಚ್ಚೆಂದರೆ 10,000 ರೂಪಾಯಿ. ಅದು ಬಹಳ ಅಗತ್ಯವಾದ ಕಾನೂನು. ಆದರೆ ಯಾವ ನ್ಯಾಯಮಂಡಳಿಯೂ ಒಡನಾಟವನ್ನು ಆದೇಶಿಸಲಾರದು.

ನಮ್ಮ ಧರ್ಮಕೇಂದ್ರಗಳಲ್ಲಿ ವಾಡೊಗಳಿವೆ, ಗುರ್ಕಾರರಿದ್ದಾರೆ, ಕಿರು ಕ್ರೈಸ್ತ ಸಮುದಾಯಗಳಿವೆ. ಆದಿ ಧರ್ಮಸಭೆಯಲ್ಲಿ ಏಳು ಮಂದಿ ಸೇವಕರನ್ನು ಆರಿಸಿದ ಕಾರಣವನ್ನು ನೆನೆಯೋಣ. ದೈನಂದಿನ ಹಂಚಿಕೆಯಲ್ಲಿ ಕೆಲವು ವಿಧವೆಯರು ಅಲಕ್ಷ್ಯಕ್ಕೊಳಗಾಗುತ್ತಿದ್ದಾರೆಂಬ ದೂರು ಬಂದಿತ್ತು. ಕಣ್ತಪ್ಪಿ ಹೋದವರನ್ನು ಕಾಣಲೆಂದೇ ಆ ಸೇವೆ ಹುಟ್ಟಿತು. ನಮ್ಮೂರಿನಲ್ಲಿ ಅಂತ್ಯಕ್ರಿಯೆಗೆ ಜನ ಕಿಕ್ಕಿರಿದು ಸೇರುತ್ತಾರೆ. ಅದು ಒಳ್ಳೆಯ ಸಂಪ್ರದಾಯ. ಆದರೆ ಆ ಜನರಲ್ಲಿ ಹತ್ತು ಮಂದಿ ಒಂದು ತಿಂಗಳ ಹಿಂದೆ ಬಂದಿದ್ದರೆ ಮೃತರಿಗೆ ಅವರ ಮುಖ ಕಾಣುತ್ತಿತ್ತು.

ಹಿರಿಯರು ಸೇವೆಯನ್ನು ಸ್ವೀಕರಿಸುವವರು ಮಾತ್ರವಲ್ಲ. ಈ ನಗರದಲ್ಲಿ ಕೇರಳದಿಂದ ನರ್ಸಿಂಗ್ ಕಲಿಯಲು ಬಂದ ಹುಡುಗಿಯರಿದ್ದಾರೆ, ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳಿವೆ. ಅವರ ತಂದೆತಾಯಿ ದೂರದ ಹಳ್ಳಿಗಳಲ್ಲಿದ್ದಾರೆ. ನಮ್ಮ ಹಿರಿಯರ ಮಕ್ಕಳು ದೂರದ ದೇಶಗಳಲ್ಲಿದ್ದಾರೆ. ಒಂದೇ ರಸ್ತೆಯಲ್ಲಿ ನಡೆಯುವ ಈ ಎರಡು ಕೊರತೆಗಳು ಪರಸ್ಪರ ಮಾತನಾಡುವುದಿಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಇದ್ದವರಿಗೆ ಕೂಲಿಯವನ ಉಳಿತಾಯ ಖಾತೆಯ ಅರ್ಜಿ ತುಂಬಿಸುವುದು ಐದು ನಿಮಿಷದ ಕೆಲಸ. ಶಿಕ್ಷಕಿಯಾಗಿದ್ದವರಿಗೆ ಕಾವಲುಗಾರನ ಮಗಳಿಗೆ ಕನ್ನಡ ಕಾಗುಣಿತ ಕಲಿಸುವುದು ದೊಡ್ಡ ಭಾರವಲ್ಲ. ವೆನ್ಲಾಕ್ ಆಸ್ಪತ್ರೆಯಲ್ಲಿ ಚೀಟಿ ಓದಲು ತಿಳಿಯದೆ ನಿಂತವರಿಗೆ ಜೊತೆಯಾಗುವ ಒಬ್ಬರು ಸಾಕು. ಹಾಗೆಯೇ, “ನನಗೆ ಆಗುವುದಿಲ್ಲ, ಸ್ವಲ್ಪ ಬಾ” ಎಂದು ನೆರೆಯ ಯುವಕನನ್ನು ಕರೆಯುವುದನ್ನೂ ಹಿರಿಯರು ಕಲಿಯಬೇಕು. ಸಹಾಯ ಕೇಳುವುದು ಅವಮಾನವಲ್ಲ. ಮತ್ತೊಬ್ಬನಿಗೆ ಉಪಕಾರಿಯಾಗುವ ಅವಕಾಶವನ್ನು ಕೊಡುವುದೂ ಒಂದು ದಾನವೇ.

ಪ್ರಭು ಯೇಸು ಶಿಲುಬೆಯ ಮೇಲಿಂದ ತಮ್ಮ ತಾಯಿಯನ್ನು ಒಬ್ಬ ಶಿಷ್ಯನಿಗೆ ಒಪ್ಪಿಸಿದರು. ಆಕೆ ಹೆರದ ಮಗನ ಮನೆಯಲ್ಲಿ ಆಕೆಗೆ ಸ್ಥಳ ದೊರೆಯಿತು. ರಕ್ತಸಂಬಂಧ ದೂರವಾದಾಗ ನೆರೆಯವರೇ ಮಗನೂ ತಾಯಿಯೂ ಆಗಬಹುದೆಂಬುದಕ್ಕೆ ನಮಗೆ ಬೇರೆ ಆಧಾರ ಬೇಕಿಲ್ಲ.

ಸೆಪ್ಟೆಂಬರ್ 8ರಂದು ನಮ್ಮ ಮನೆಗಳಲ್ಲಿ ಮೊಂತಿ ಫೆಸ್ತ್. ದೇವಾಲಯದಲ್ಲಿ ಆಶೀರ್ವದಿಸಿದ ತೆನೆಯನ್ನು ತಂದು, ಹೊಸ ಅಕ್ಕಿಯ ಕಾಳುಗಳನ್ನು ಹಾಲಿನಲ್ಲಿ ಬೆರೆಸಿ, ಮನೆಯ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಬಳಿಕ ಸಸ್ಯಾಹಾರದ ಕುಟುಂಬ ಭೋಜನ. ಪರವೂರಿನಲ್ಲಿರುವ ಮಕ್ಕಳಿಗೆ ಕಾಳುಗಳನ್ನು ಅಂಚೆಯಲ್ಲಿ ಕಳುಹಿಸುವ ವಾಡಿಕೆಯೂ ಇದೆ. ಇಬ್ಬರೇ ಇರುವ ಮನೆಗಳಲ್ಲಿ ಆ ದಿನದ ಊಟದ ಮೇಜು ದೊಡ್ಡದೆನಿಸುತ್ತದೆ. ಪ್ರಿಯ ಓದುಗರೇ, ಸಮುದ್ರದಾಚೆಗೆ ಕಾಳು ಕಳುಹಿಸುವ ನಾವು, ಮೇಲಿನ ಮಹಡಿಯಲ್ಲಿ ಒಬ್ಬರೇ ಉಣ್ಣುತ್ತಿರುವವರನ್ನು ಕರೆಯಲು ಮೆಟ್ಟಿಲು ಹತ್ತೋಣ. ಅವರು ಯಾವ ಜಾತಿ, ಯಾವ ಧರ್ಮದವರಾದರೂ ಸರಿ. ಹೊಸ ಅಕ್ಕಿಯ ಊಟ ಈ ತುಳುನಾಡಿನಲ್ಲಿ ಯಾರಿಗೂ ಅಪರಿಚಿತವಲ್ಲ. ಈ ವರ್ಷ ಕರೆದವರು ಮುಂದಿನ ವರ್ಷ ತಾವಾಗಿ ಬಂದಾರು. ಒಂದು ದಿನ ನಾವು ಕಾಣದಿದ್ದರೆ, ಬಾಗಿಲು ತಟ್ಟುವವರೂ ಅವರೇ ಆಗಿರಬಹುದು.