ಗೋಡೆಗೇರಿದ ಮೊರ

ಹೋದ ವರ್ಷ ಬೆಂಗಳೂರಿನಲ್ಲಿ ಒಂದು ಕಲಾಪ್ರದರ್ಶನಕ್ಕೆ ಹೋಗಿದ್ದೆ. ಹೋಗಿದ್ದೆ ಎನ್ನುವುದಕ್ಕಿಂತ, ಮಳೆ ಬಂದುದರಿಂದ ಒಳಹೊಕ್ಕೆ ಎಂದರೆ ಸತ್ಯಕ್ಕೆ ಹತ್ತಿರ. ನಾರು, ಬೆತ್ತ, ಬಿದಿರು, ಮರ ಇವುಗಳಲ್ಲಿ ಮಾಡಿದ ಹಳೆಯ ಕೆಲಸ, ಹೊಸ ಕೆಲಸ ಎಲ್ಲವನ್ನೂ ಅಲ್ಲಿ ಒಟ್ಟಿಗೆ ಇರಿಸಿದ್ದರು. ಒಂದು ಬಿಳಿಯ ಗೋಡೆಯ ನಟ್ಟನಡುವೆ, ದೀಪದ ಬೆಳಕು ನೇರವಾಗಿ ಬೀಳುವ ಹಾಗೆ, ಒಂದು ಮೊರವನ್ನು ತೂಗುಹಾಕಿದ್ದರು. ನಮ್ಮ ನಿಮ್ಮ ಮನೆಯ ಅಡಿಗೆಮನೆಯಲ್ಲಿದ್ದಂಥ ಮೊರವೇ. ಕೆಳಗೆ ಒಂದು ಚೀಟಿ: ಮೊರ, ಬಿದಿರು, ಕರ್ನಾಟಕ. ಅದರ ಕೆಳಗೆ ಬೆಲೆ. ಆ ಬೆಲೆಗೆ ನಮ್ಮ ತಾಯಿ ಒಂದು ಜೀವಮಾನಕ್ಕೆ ಸಾಲುವಷ್ಟು ಮೊರಗಳನ್ನು ಕೊಂಡು, ಮಿಕ್ಕ ದುಡ್ಡಿನಲ್ಲಿ ಕೇರುವುದಕ್ಕೆ ಅಕ್ಕಿಯನ್ನೂ ತರಿಸುತ್ತಿದ್ದರು.

ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ, “ಕೇರುವ ಮೊರವನ್ನು ಗೋಡೆಗೆ ಹೊಡೆದರೆ ಅದು ಸತ್ತ ಹಾಗೆಯೇ, ಸ್ವಾಮಿ” ಎಂದರು. ನಾನೂ ತಲೆದೂಗಿದೆ. ಮನೆಗೆ ಬರುವಷ್ಟರಲ್ಲಿ, ತಲೆದೂಗಿದ್ದಕ್ಕೆ ನಾಚಿಕೆಯಾಗತೊಡಗಿತು. ಏಕೆಂದು ಹೇಳುತ್ತೇನೆ.

ಆ ಹಿರಿಯರ ಮಾತು ಹಗುರವಾದುದಲ್ಲ. ಮೊರದ ಒಂದೊಂದು ಬಾಗೂ ಕೆಲಸದಿಂದ ಹುಟ್ಟಿದ್ದು. ಹಿಂಬದಿ ಎದ್ದು ನಿಂತಿರುವುದು ಕಾಳನ್ನು ತಡೆಯಲು. ಮುಂದಿನ ಬಾಯಿ ಚಪ್ಪಟೆಯಾಗಿ ಹರಡಿರುವುದು ಹೊಟ್ಟು ಹಾರಿಹೋಗಲು. ನುಚ್ಚು ಕೂಡ ಸೋರಬಾರದೆಂದು ಹೆಣಿಗೆಯನ್ನು ಒತ್ತಾಗಿ ಹಾಕುತ್ತಾರೆ. ಆದರೂ ಸಂದು ಉಳಿದೀತೆಂದು ಮನೆಯವರು ಸಗಣಿ ಬಳಿದು ಬಿಸಿಲಿಗಿಡುತ್ತಿದ್ದರು. ಇದರ ಅಂದ ಕೇರುವವರ ಮಣಿಕಟ್ಟಿಗೆ ತಿಳಿಯುವಷ್ಟು ನೋಡುವವರ ಕಣ್ಣಿಗೆ ತಿಳಿಯದು. ‘ಮುಟ್ಟಬೇಡಿ’ ಎಂದು ಬರೆದ ಜಾಗದಲ್ಲಿ ಮೊರದ ಅರ್ಧವನ್ನಷ್ಟೇ ನಾವು ನೋಡುತ್ತೇವೆ.

ಮರದ ವಿಚಾರವೂ ಹೀಗೆಯೇ. ಉಡುಪಿ ಜಿಲ್ಲೆಯ ಮೆಕ್ಕೆಕಟ್ಟಿನ ನಂದಿಕೇಶ್ವರ ದೇವಸ್ಥಾನದ ಹಳೆಯ ಭೂತಮೂರ್ತಿಗಳಲ್ಲಿ ಹಲವು ಈಗ ದೆಹಲಿಯ ಕರಕುಶಲ ಸಂಗ್ರಹಾಲಯದಲ್ಲಿವೆ. ದೇವಸ್ಥಾನದಲ್ಲಿ ಹೊಸ ಮೂರ್ತಿಗಳು ಢಾಳಾದ ಬಣ್ಣ ಬಳಿದುಕೊಂಡು ನಿಂತಿವೆ. ಪೂಜೆ ಅಲ್ಲಿ, ಪ್ರಶಂಸೆ ಇಲ್ಲಿ. ಮರ ಜೀರ್ಣವಾದರೆ ಅದರ ಶಕ್ತಿಯನ್ನು ಹೊಸ ಮರಕ್ಕೆ ದಾಟಿಸುವ ಭಕ್ತನಿಗೆ ಹಳೆಯದು ಬರಿಯ ಮರ. ಕಲಾಭಿಮಾನಿಗೆ ಹಳೆಯದೇ ಎಲ್ಲ. ಇಬ್ಬರಲ್ಲಿ ಯಾರು ತಪ್ಪು ಎಂದು ಹೇಳುವ ಧೈರ್ಯ ನನಗಿಲ್ಲ.

ಆದರೆ ಮೊರ ‘ಬದುಕಿದ್ದ’ ಕಾಲದಲ್ಲಿ ನಾವು ಅದನ್ನು ಹೇಗೆ ನಡೆಸಿಕೊಂಡೆವು? ನಾನು ಹುಡುಗನಾಗಿದ್ದಾಗ, ಎಂದರೆ 1980ರ ದಶಕದ ಕೊನೆಯಲ್ಲಿ, ಗೌರಿಹಬ್ಬ ಹತ್ತಿರ ಬಂತೆಂದರೆ ತಲೆಯ ಮೇಲೆ ಮೊರಗಳ ಹೊರೆ ಹೊತ್ತು ಮೇದರಾಕೆಯೊಬ್ಬಳು ನಮ್ಮ ಬೀದಿಗೆ ಬರುತ್ತಿದ್ದಳು. ಬಾಗಿನಕ್ಕೆ ಜೋಡಿ ಮೊರಗಳು ಬೇಕಷ್ಟೆ. ಅಮ್ಮ ಹೊಸ್ತಿಲ ಒಳಗೆ, ಆಕೆ ಮೆಟ್ಟಲ ಕೆಳಗೆ.

“ಜೊತೆಗೆ ಎಷ್ಟೇ?”

“ಹತ್ತು ರೂಪಾಯಿ ಕೊಡಿ, ಅವ್ವಾರೆ.”

“ಹತ್ತೆ? ಕಾಡಿನಲ್ಲಿ ಬಿಟ್ಟಿ ಬೆಳೆಯೋ ಬಿದಿರಿಗೆ?”

“ಬಿದಿರಿಗೂ ಕಾಸು ಕೊಟ್ಟೇ ತರೋದು, ಅವ್ವಾರೆ.”

ಕೊನೆಗೆ ಏಳಕ್ಕೆ ಇಳಿಯುತ್ತಿತ್ತು. ಬಿಸಿಲಲ್ಲಿ ನಿಂತವರಿಗಿಂತ ನೆರಳಲ್ಲಿ ನಿಂತವರಿಗೆ ಚೌಕಾಸಿ ಮಾಡುವ ತಾಳ್ಮೆ ಯಾವಾಗಲೂ ಹೆಚ್ಚು. ಆಕೆ ಹೋದ ಮೇಲೆ ಅಜ್ಜಿ ಆ ಮೊರಗಳ ಮೇಲೆ ಒಂದಿಷ್ಟು ನೀರು ಚಿಮುಕಿಸಿ ಒಳಗೆ ತೆಗೆದುಕೊಳ್ಳುತ್ತಿದ್ದರು. ಮರುದಿನ ಅವೇ ಮೊರಗಳಿಗೆ ಅರಿಸಿನ ಬಳಿದು, ಬೇಳೆ, ಬೆಲ್ಲ, ಬಳೆ, ಕನ್ನಡಿ ಇಟ್ಟು, ಒಂದರ ಮೇಲೊಂದು ಮುಚ್ಚಿ, ಸೆರಗಿನ ತುದಿಯಲ್ಲಿ ಹಿಡಿದು ಮುತ್ತೈದೆಯರಿಗೆ ಕೊಡುತ್ತಿದ್ದರು. ಹೆಣೆದ ಕೈಗೆ ಮೆಟ್ಟಲು. ಹೆಣಿಗೆಗೆ ದೇವರ ಮನೆ. ನಾನು ಇದನ್ನೆಲ್ಲ ನೋಡುತ್ತ ಬೆಳೆದವನು. ನೋಡಿದೆ ಎಂಬುದೂ ಸುಳ್ಳೇ. ಕಣ್ಣಿಗೆ ಬಿದ್ದಿತ್ತು, ಅಷ್ಟೆ.

ಆದ್ದರಿಂದ ‘ಬಳಕೆಯಲ್ಲಿದ್ದಾಗ ಕಸುಬಿಗೆ ಗೌರವವಿತ್ತು, ಪ್ರದರ್ಶನಶಾಲೆ ಅದನ್ನು ಕೊಂದಿತು’ ಎಂದು ನನ್ನಂಥವನು ಹೇಳಹೊರಟರೆ ಅದು ಆತ್ಮವಂಚನೆ. ಕುಶಲಕಲೆಯ ಅಳಿವಿಗೆ ಮರುಗುವ ನಾವೇ ಪ್ಲಾಸ್ಟಿಕ್ಕಿನ ಮೊರ ಬಂದಾಗ ಮೊದಲು ಕೊಂಡವರು.

ಬುಟ್ಟಿಯನ್ನು ಕೆಲಸದಿಂದ ಬಿಡಿಸಿ ಕಣ್ಣೆದುರಿಗೆ ಇಡುವುದು ಇಂದಿನ ಹುಚ್ಚೂ ಅಲ್ಲ. ಜಪಾನಿನ ಚಹಾಗುರು ಸೆನ್ ನೊ ರಿಕ್ಯು (1522–1591) ಕತ್ಸುರಾ ನದಿಯ ಬೆಸ್ತನೊಬ್ಬನ ಮೀನುಬುಟ್ಟಿಯನ್ನು ಕೇಳಿ ಪಡೆದು ಹೂವಿನ ಪಾತ್ರೆಯಾಗಿ ಬಳಸಿದನೆಂದು ಐತಿಹ್ಯವಿದೆ. ಆ ಬುಟ್ಟಿ ಇಂದಿಗೂ ಉಳಿದಿದೆ, ನದಿಯ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಬೆಸ್ತನ ಹೆಸರನ್ನು ಯಾರೂ ಕೇಳಿದಂತಿಲ್ಲ. ನಮ್ಮಲ್ಲಿ ಮೃಣಾಲಿನಿ ಮುಖರ್ಜಿಯವರು (1949–2015) ಸೆಣಬಿನ ಹಗ್ಗವನ್ನು ಗಂಟು ಗಂಟಾಗಿ ಕಟ್ಟಿ ಯಕ್ಷಿಯರನ್ನೂ ವನದೇವತೆಯರನ್ನೂ ಎಬ್ಬಿಸಿದರು. ಅವು ಎಂದೂ ಭಾರ ಕಟ್ಟಿದ ಹಗ್ಗಗಳಲ್ಲ, ಮೊದಲಿಂದಲೂ ಪ್ರತಿಮೆಗಳೇ. ಅಲ್ಲಿ ವಸ್ತುವೂ ಅವರದು, ಮಾತೂ ಅವರದು, ಹೆಸರೂ ಅವರದು. ನನ್ನ ತೊಡಕು ಇರುವುದು ಅಲ್ಲಲ್ಲ. ಒಬ್ಬರು ಹೆಣೆದದ್ದಕ್ಕೆ ಇನ್ನೊಬ್ಬರು ಮಾತು ಕೊಡುವಲ್ಲಿ.

ಇದಕ್ಕೆ ಲೂಯಿಸಾ ಕೀಸರ್ ಎಂಬ ಹೆಂಗಸಿನ ಬಾಳಿಗಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಅಮೆರಿಕದ ನೆವಾಡದ ವಾಶೋ ಜನಾಂಗದವಳು. ‘ದಾತ್ ಸೋ ಲಾ ಲೀ’ ಎಂದೂ ಹೆಸರು. ಕಾರ್ಸನ್ ಸಿಟಿಯಲ್ಲಿ ಬಟ್ಟೆಯಂಗಡಿ ಇಟ್ಟಿದ್ದ ಏಬ್ ಕೋನ್ ಎಂಬ ವ್ಯಾಪಾರಿ 1895ರ ಸುಮಾರಿನಿಂದ ಆಕೆಯ ಬುಟ್ಟಿಗಳನ್ನು ತಾನೇ ತೆಗೆದುಕೊಳ್ಳತೊಡಗಿದ. ಪ್ರತಿಯಾಗಿ ಊಟ, ಬಟ್ಟೆ, ಇರಲು ಮನೆ ಕೊಟ್ಟ. ಅವನ ಹೆಂಡತಿ ಏಮಿ ಒಂದೊಂದು ಬುಟ್ಟಿಗೂ ಸಂಖ್ಯೆ ಹಾಕಿ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಳು. ವಿಲ್ಲೋ ಗಿಡದ ಎಳೆಗಳಿಂದ ಸುತ್ತಿದ, ತಳ ಕಿರಿದಾಗಿ, ಒಡಲು ತುಂಬಿ, ಬಾಯಿ ಮತ್ತೆ ಕಿರಿದಾದ ದುಂಡನೆಯ ಬುಟ್ಟಿಗಳು; ನಡುವೆ ಕೆಂಪು ಕಪ್ಪು ಚಿತ್ತಾರ. ಚಿತ್ರದಲ್ಲಿ ನೋಡಿದರೂ ಉಸಿರು ಹಿಡಿಯುವಂಥವು. 1925ರಲ್ಲಿ ಆಕೆ ತೀರಿಕೊಂಡಾಗ ಆಕೆಯ ಹೆಸರು ದೇಶಕ್ಕೆಲ್ಲ ಗೊತ್ತಿತ್ತು.

ಇಲ್ಲಿಯವರೆಗೆ ಎಲ್ಲವೂ ಸರಿಯೆಂದೇ ತೋರುತ್ತದೆ. ಆದರೆ ಕೋನ್ ದಂಪತಿಗಳು ಬುಟ್ಟಿಯ ಜೊತೆಗೆ ಕಥೆಯನ್ನೂ ಮಾರಿದರು. ಆಕೆ ದೊರೆಮಗಳಂತೆ; ಆ ಆಕಾರವನ್ನು ಹೆಣೆಯುವ ಹಕ್ಕು ವಂಶಪಾರಂಪರ್ಯವಾಗಿ ಬಂದದ್ದಂತೆ; ಒಂದೊಂದು ಚಿಹ್ನೆಗೂ ಪುರಾತನವಾದ ಗೂಢಾರ್ಥವಂತೆ. ಮುಂದೆ ವಿದ್ವಾಂಸರು ಶೋಧಿಸಿ ನೋಡಿದರೆ, ಇದರಲ್ಲಿ ಬಹುಪಾಲು ಅಂಗಡಿಯಲ್ಲೇ ಹುಟ್ಟಿದ್ದು. ಆ ಆಕಾರವಾದರೂ ವಾಶೋ ಜನರಲ್ಲಿ ತಲೆತಲಾಂತರದಿಂದ ಬಂದುದಲ್ಲ. ನೆರೆಯ ಜನಾಂಗಗಳ ಹೆಣಿಗೆಯಿಂದ ಕಲಿತು, ತನ್ನದನ್ನು ಸೇರಿಸಿ, ಆಕೆಯೇ ಅರಳಿಸಿದ್ದು. ವಿಚಿತ್ರ ನೋಡಿ: ಹೆಸರು ಕೊಟ್ಟರು, ಸ್ವಂತಿಕೆಯನ್ನು ಕಿತ್ತುಕೊಂಡರು. ಒಬ್ಬ ಹೆಂಗಸು ಯೋಚಿಸಿ ಮಾಡಿದಳು ಎಂದರೆ ಕೊಳ್ಳುವವರಿಲ್ಲ. ಪರಂಪರೆ ಅವಳ ಕೈಯಿಂದ ಮಾಡಿಸಿತು ಎಂದರೆ ಕೊಳ್ಳುವವರಿದ್ದರು. ನಮ್ಮ ಚೀಟಿಯ ಮೇಲಿನ ‘ಕರ್ನಾಟಕ’ ಎಂಬ ಪದವೂ ಅದೇ ಕೆಲಸವನ್ನು ಮಾಡುತ್ತದೆಯೆ ಎಂದು ನನಗೆ ಸಂದೇಹ. ಒಂದು ರಾಜ್ಯ ಕುಳಿತು ಮೊರ ಹೆಣೆಯುವುದಿಲ್ಲವಷ್ಟೆ.

ಕನ್ನಡ ಮೇಷ್ಟರಾದ ನನಗೆ ಇಂಥ ಹೊತ್ತಿನಲ್ಲಿ ಮೇದರ ಕೇತಯ್ಯ ನೆನಪಾಗದೆ ಹೇಗೆ? ಹನ್ನೆರಡನೆಯ ಶತಮಾನದ ಶರಣ, ‘ಗವರೇಶ್ವರ’ ಅಂಕಿತದ ವಚನಕಾರ, ಬುಟ್ಟಿ ಮೊರ ಹೆಣೆದು ದಾಸೋಹ ಮಾಡಿದವನು. ಅವನು ಕಡಿದ ಬಿದಿರಿನಿಂದ ಹೊನ್ನು ಸುರಿಯಿತಂತೆ. ಇದು ಹುಳ ಹಿಡಿದ ಬಿದಿರೆಂದು ಅದನ್ನು ಬಿಟ್ಟು ಬೇರೆ ಮೆಳೆಗೆ ಹೋದನಂತೆ. ತರಗತಿಯಲ್ಲಿ ನಾನು ಇದನ್ನು ನಿರಾಸೆಯ ಕಥೆಯೆಂದು ಎಷ್ಟು ವರ್ಷ ಪಾಠ ಹೇಳಿದ್ದೇನೋ! ಈಗ ಅದನ್ನು ಹೇಳುವಾಗ ನಾಲಗೆ ತಡವರಿಸುತ್ತದೆ. ಹೊನ್ನನ್ನು ಬಿಡುವ ಹಕ್ಕು ಕೇತಯ್ಯನದು. ಅವನು ಬಿಟ್ಟನೆಂದು ಹೊಗಳುತ್ತ ಹತ್ತನ್ನು ಏಳಕ್ಕೆ ಇಳಿಸುವ ಹಕ್ಕು ನಮಗೆ ಎಲ್ಲಿಂದ ಬಂತು? ಆ ಕಾಲದವರು ಇನ್ನೊಂದನ್ನೂ ಮಾಡಿದರು. ಕಸುಬನ್ನು ಹೆಸರಿನ ಮುಂದೆ ನಿಲ್ಲಿಸಿದರು, ಹೆಸರನ್ನು ಅಳಿಸಲಿಲ್ಲ. ನಾವು ಮೇದರವಳನ್ನು ಉಳಿಸಿಕೊಂಡೆವು, ಹೆಸರನ್ನು ಕೇಳಲೇ ಇಲ್ಲ.

ಆ ದಿನ ಪ್ರದರ್ಶನದಿಂದ ಬಂದು ಅಮ್ಮನನ್ನು ಕೇಳಿದೆ: “ಗೌರಿಹಬ್ಬಕ್ಕೆ ಮೊರ ತರುತ್ತಿದ್ದಳಲ್ಲ, ಅವಳ ಹೆಸರೇನಮ್ಮ?”

ಅಮ್ಮ ಬಹಳ ಹೊತ್ತು ಯೋಚಿಸಿದರು. ಹದಿನೈದು ಇಪ್ಪತ್ತು ವರ್ಷ ಬಂದವಳು. ಮೂಗಿನ ಎಡಬದಿಗೆ ಒಂದು ಮಚ್ಚೆಯಿತ್ತು, ಒಮ್ಮೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿದ್ದಳು, ಹೆಸರು ತಿಳಿಯದು. ನಾನು ಮೊಬೈಲಿನಲ್ಲಿ ತೆಗೆದಿದ್ದ ಗೋಡೆಯ ಮೊರದ ಚಿತ್ರವನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಹತ್ತಿರ ಹಿಡಿದು ನೋಡಿದರು. ಬೆಲೆಯ ಚೀಟಿಯ ಕಡೆಗೆ ಅವರ ಕಣ್ಣು ಹೋಗಲೇ ಇಲ್ಲ. ಅಂಚಿನ ದಬ್ಬೆ ತಿರುಗುವ ಮೂಲೆಯ ಮೇಲೆ ಬೆರಳಿಟ್ಟು,

“ಇದು ಅವಳದಲ್ಲ ಕಣೋ” ಎಂದರು. “ಅವಳು ಇಲ್ಲಿ ಎರಡು ಸುತ್ತು ಹಾಕೋಳು.”