ಸಂಗ್ರಹ ಮತ್ತು ಪರಿಗ್ರಹ

ಸಂಗ್ರಹವೆಲ್ಲವೂ ಪರಿಗ್ರಹವೇ? ಧನ, ಧಾನ್ಯ, ಭೂಮಿಗಳ ಸಂಬಂಧದಲ್ಲಿ ಈ ಪ್ರಶ್ನೆಯನ್ನು ಕೇಳಿದಾಗ ಉತ್ತರ ಹೇಳುವುದು ಅಷ್ಟೇನೂ ಕಷ್ಟವಲ್ಲ. ಅಗತ್ಯಕ್ಕೆ ಮೀರಿ ಕೂಡಿಟ್ಟವನ ಕಣಜದಲ್ಲಿ ಇನ್ನೊಬ್ಬನ ಹಸಿವು ಅಡಗಿರುತ್ತದೆ. ಆದರೆ ಹಳೆಯ ಕಾಗದವನ್ನು ಕೂಡಿಡುವವನ ವಿಷಯವೇನು? ಯಾರ ಹೊಟ್ಟೆಯನ್ನೂ ತುಂಬದ, ಒಂದು ಕಾಲಕ್ಕೆ ಯಾರಿಗೂ ಬೇಡವಾಗಿದ್ದ, ಮಳೆಯಲ್ಲಿ ನೆನೆದು ನಾಶವಾಗಬೇಕಾಗಿದ್ದ ಹಾಳೆಯೊಂದನ್ನು ಎತ್ತಿ ಕಾಪಾಡಿದವನು ಯಾರಿಗೆ ಅನ್ಯಾಯ ಮಾಡಿದಂತಾಯಿತು? ಯುರೋಪಿನ ಕಡಲತೀರದ ವಿಹಾರಸ್ಥಳಗಳನ್ನು ಚಿತ್ರಿಸಿದ ಹಳೆಯ ಕಲ್ಲಚ್ಚಿನ ಭಿತ್ತಿಪತ್ರಗಳನ್ನು ಸಂಗ್ರಹಿಸುವ ಹವ್ಯಾಸವು ಈ ಪ್ರಶ್ನೆಯನ್ನು ಬಹು ಸ್ಪಷ್ಟವಾಗಿ ಮುಂದಿಡುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಎರಡನೆಯ ಮಹಾಯುದ್ಧದವರೆಗೆ ಇಂಗ್ಲೆಂಡ್ ಮತ್ತು ಫ್ರಾನ್ಸಿನ ರೈಲ್ವೆ ಕಂಪನಿಗಳು ಪಟ್ಟಣದ ಜನರನ್ನು ಸಮುದ್ರದತ್ತ ಸೆಳೆಯಲು ಇಂತಹ ಭಿತ್ತಿಪತ್ರಗಳನ್ನು ಅಚ್ಚು ಹಾಕಿಸಿದವು. ಪ್ಯಾರಿಸ್-ಲಿಯೋನ್-ಮೆಡಿಟರೇನಿಯನ್ ರೈಲ್ವೆಗಾಗಿ ಅಲ್ಫೋನ್ಸ್ ಮೂಖಾ 1897ರಲ್ಲಿ ಮೊನಾಕೋ-ಮಾಂಟೆಕಾರ್ಲೋದ ಪತ್ರವನ್ನು ರಚಿಸಿದನು. ಅದೇ ಕಂಪನಿಗಾಗಿ 1920-30ರ ದಶಕಗಳಲ್ಲಿ ರೋಜೆ ಬ್ರೋಡೆರ್ಸ್ ಮೆಡಿಟರೇನಿಯನ್ ತೀರದ ಊರುಗಳನ್ನು ನೆರಳುಬೆಳಕಿನ ಸೂಕ್ಷ್ಮಗಳನ್ನೆಲ್ಲ ತೊರೆದು, ಹರಹಾದ ಅಚ್ಚ ಬಣ್ಣಗಳಲ್ಲಿ ಬಿಡಿಸಿದನು. ಇವು ಕಲೆಯ ಹೆಸರಿನಲ್ಲಿ ಹುಟ್ಟಿದವಲ್ಲ. ಟಿಕೆಟು ಮಾರುವುದೇ ಇವುಗಳ ಉದ್ದೇಶ. ಋತು ಮುಗಿದರೆ ಇವುಗಳ ಆಯುಷ್ಯವೂ ಮುಗಿಯಿತು. ಇವುಗಳ ಮೇಲೆಯೇ ಮತ್ತೊಂದು ಹಾಳೆಯನ್ನು ಅಂಟಿಸಲಾಗುತ್ತಿತ್ತು.

ಕಲ್ಲಚ್ಚಿನ ವಿಧಾನ ಸರಳವೂ ಸೊಗಸೂ ಆದುದು. 1790ರ ದಶಕದ ಕೊನೆಯಲ್ಲಿ ಮ್ಯೂನಿಕ್ಕಿನಲ್ಲಿ ಅಲೋಯ್ಸ್ ಸೆನೆಫೆಲ್ಡರ್ ಇದನ್ನು ಕಂಡುಹಿಡಿದನು. ನುಣುಪಾದ ಸುಣ್ಣಗಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು ಕಲ್ಲನ್ನು ಒದ್ದೆ ಮಾಡಿದರೆ, ಬರೆಯದ ಕಡೆ ನೀರು ನಿಲ್ಲುತ್ತದೆ. ಬರೆದ ಕಡೆ ಮಸಿ ಹಿಡಿಯುತ್ತದೆ. ಜಿಡ್ಡು ನೀರನ್ನು ಒಲ್ಲದೆಂಬ ಒಂದೇ ತತ್ತ್ವದ ಮೇಲೆ ಇಡೀ ಕಲೆ ನಿಂತಿದೆ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು; ಹಾಳೆಯು ಪ್ರತಿ ಸಲವೂ ಕೂದಲೆಳೆಯಷ್ಟೂ ಸರಿಯದಂತೆ ಕೂರಬೇಕು. ಮುಂದೆ ಕಲ್ಲಿನ ಬದಲು ಸತುವಿನ ತಗಡು ಬಂದರೂ ತತ್ತ್ವ ಬದಲಾಗಲಿಲ್ಲ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮನ ಮುದ್ರಣಾಲಯವು ಭಾರತದ ಮನೆಮನೆಗೆ ಲಕ್ಷ್ಮಿ ಸರಸ್ವತಿಯರ ಪಟಗಳನ್ನು ತಲುಪಿಸಿದ್ದೂ ಇದೇ ವಿಧಾನದಿಂದ. ಇಂದಿನ ಯಾಂತ್ರಿಕ ಪ್ರತಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಕ್ರಮಬದ್ಧವಾದ ಚುಕ್ಕೆಗಳು ಕಾಣುತ್ತವೆ. ಕಲ್ಲಚ್ಚಿನಲ್ಲಿ ಕಾಣುವುದು ಬಳಪವು ಕಲ್ಲಿನ ಮೇಲೆ ನಡೆದ ಗುರುತು. ಮೂಲಪ್ರತಿಯನ್ನೇ ಬಯಸುವವನನ್ನು ಕೇವಲ ಪ್ರತಿಷ್ಠೆಯ ಹಂಬಲದವನೆಂದು ತಳ್ಳಿಹಾಕುವುದು ಆದ್ದರಿಂದ ನ್ಯಾಯವಲ್ಲ. ಕೈಯ ಗುರುತನ್ನು ಪ್ರೀತಿಸುವುದು ದೋಷವಾಗಲಾರದು.

ಇಂತಹ ಪತ್ರಗಳಲ್ಲಿ ಬಹು ಪ್ರಸಿದ್ಧವಾದುದು ಇಂಗ್ಲೆಂಡಿನ ಪೂರ್ವತೀರದ ಸ್ಕೆಗ್ನೆಸ್ ಎಂಬ ಊರಿಗೆ ಸಂಬಂಧಿಸಿದ್ದು. 1908ರಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆಗಾಗಿ ಜಾನ್ ಹ್ಯಾಸಲ್ ಅದನ್ನು ರಚಿಸಿದನು. ಬಾಯಲ್ಲಿ ಚುಂಗಾಣಿ, ಕಾಲಿಗೆ ದೊಡ್ಡ ಬೂಟುಗಳು, ಎರಡೂ ತೋಳುಗಳನ್ನು ಚಾಚಿ ಮರಳಿನ ಮೇಲೆ ಕುಪ್ಪಳಿಸುತ್ತಿರುವ ದಢೂತಿ ಬೆಸ್ತ. ಇಲ್ಲಿನ ಗಾಳಿ ಮೈಗೆ ಎಷ್ಟೊಂದು ಚೈತನ್ಯ ನೀಡುತ್ತದೆಂಬ ಅರ್ಥದ ಒಕ್ಕಣೆ. (ಉತ್ತರ ಸಮುದ್ರದ ಕೊರೆಯುವ ಚಳಿಗಾಳಿಯನ್ನೇ ಗುಣವೆಂದು ಮಾರಿದ ಜಾಣತನವನ್ನು ಮೆಚ್ಚಲೇಬೇಕು.) ಕಲಾವಿದನಿಗೆ ಸಂದದ್ದು 12 ಗಿನಿ. ಆತನು ಆ ಊರಿಗೆ ಮೊದಲ ಬಾರಿಗೆ ಕಾಲಿಟ್ಟದ್ದು 1936ರಲ್ಲಿ, ಎಂದರೆ ಚಿತ್ರ ಬರೆದು 28 ವರ್ಷಗಳಾದ ಮೇಲೆ. ಕಾಣದ ಊರಿನ ಚಿತ್ರ ಲಕ್ಷಾಂತರ ಜನರಿಗೆ ಆ ಊರಿನ ಆಸೆ ಹುಟ್ಟಿಸಿತು. ಇಂದು ಆ ಪತ್ರವನ್ನು ಕೊಳ್ಳುವವನಿಗೆ ಊರಿನ ಆಸೆಯೂ ಇರಬೇಕಾಗಿಲ್ಲ. ಆಸೆ ಹುಟ್ಟಿಸಲೆಂದು ಮಾಡಿದ ಸಾಧನವೇ ಆಸೆಯ ಗುರಿಯಾಗಿ ನಿಂತಿದೆ.

ಇವು ಉಳಿದು ಬಂದುದು ಹೇಗೆ ಎಂಬಲ್ಲಿ ನೀತಿಯ ತೊಡಕು ಆರಂಭವಾಗುತ್ತದೆ. 1890ರ ದಶಕದ ಪ್ಯಾರಿಸಿನಲ್ಲಿ ಭಿತ್ತಿಪತ್ರಗಳ ಮೋಹ ಎಷ್ಟು ಬೆಳೆಯಿತೆಂದರೆ ‘ಪತ್ರದ ಹುಚ್ಚು’ ಎಂಬರ್ಥದ ಹೊಸ ಪದವೇ ಫ್ರೆಂಚ್ ಭಾಷೆಯಲ್ಲಿ ಹುಟ್ಟಿತು. ಸಂಗ್ರಾಹಕರು ಪತ್ರ ಅಂಟಿಸುವ ಕೂಲಿಗಳಿಗೆ ಹಣ ಕೊಟ್ಟು ಹಾಳೆಗಳನ್ನು ಒಳಗೊಳಗೇ ಪಡೆದರು. ಕೆಲವರು ರಾತ್ರಿಯಲ್ಲಿ ಅಂಟು ಆರುವ ಮೊದಲೇ ಗೋಡೆಯಿಂದ ಕಿತ್ತರು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಚೌರ್ಯ; ಬೆಲೆ ಅಲ್ಪವೆಂಬುದು ಅದನ್ನು ಬೇರೇನನ್ನೂ ಆಗಿಸದು. ಆದರೆ ಇಂದು ಗ್ರಂಥಾಲಯಗಳಲ್ಲಿಯೂ ವಸ್ತುಸಂಗ್ರಹಾಲಯಗಳಲ್ಲಿಯೂ ಕಾಣುವ ಆ ಕಾಲದ ಹಾಳೆಗಳಲ್ಲಿ ಹಲವು ಉಳಿದದ್ದು ಇಂತಹ ಮೋಹಿಗಳಿಂದಲೇ. ಪ್ರಾಮಾಣಿಕರು ಗೋಡೆಯ ಮೇಲೆಯೇ ಬಿಟ್ಟ ಹಾಳೆಗಳು ಮಳೆಯ ಪಾಲಾದವು. ಹಾಗಾದರೆ ಫಲ ಒಳ್ಳೆಯದಾದುದರಿಂದ ಕ್ರಿಯೆಯ ದೋಷ ಕಳೆಯಿತೇ? ಕಳೆಯದು. ಕಿತ್ತವನು ಮುಂದಿನ ತಲೆಮಾರನ್ನು ನೆನೆದು ಕಿತ್ತವನಲ್ಲ. ತನಗೆ ಬೇಕೆಂದು ಕಿತ್ತನು. ಲೋಕಕ್ಕಾದ ಉಪಕಾರ ಅವನ ಲೆಕ್ಕಕ್ಕೆ ಸೇರುವುದಿಲ್ಲ, ಅದು ಕಾಲವು ಅವನ ಕೈಮೀರಿ ಮಾಡಿಸಿದ ಕೆಲಸ. ಅದೇ ಊರಿನಲ್ಲಿ ಅದೇ ಮೋಹಕ್ಕೆ ಬೇರೊಂದು ದಾರಿಯೂ ತೆರೆದಿತ್ತೆಂಬುದನ್ನು ಗಮನಿಸಬೇಕು. ಜೂಲ್ ಶೆರೆಯ ಮೇಲ್ವಿಚಾರಣೆಯಲ್ಲಿ 1895ರಿಂದ 1900ರವರೆಗೆ ಉತ್ತಮ ಭಿತ್ತಿಪತ್ರಗಳ ಕಿರುಪ್ರತಿಗಳು ತಿಂಗಳು ತಿಂಗಳೂ ಚಂದಾದಾರರಿಗೆ ಬಂದವು. ಒಟ್ಟು 256 ಹಾಳೆಗಳು. ಗೋಡೆಯೂ ಬರಿದಾಗಲಿಲ್ಲ, ಬಯಸಿದವರ ಕೈಯೂ ಬರಿದಾಗಲಿಲ್ಲ.

ಸಂಗ್ರಾಹಕನ ಕೈಸೇರಿದ ಹಾಳೆಯ ಬಾಳು ವಿಚಿತ್ರವಾದುದು. ಅಗ್ಗದ ಕಾಗದದೊಳಗಿನ ಆಮ್ಲವು ಅದನ್ನು ಹಳದಿಯಾಗಿಸಿ ಪುಡಿಗಟ್ಟಿಸುತ್ತದೆ. ನುರಿತವರು ಅದನ್ನು ತೊಳೆದು, ಹಿಂಬದಿಗೆ ತೆಳುಕಾಗದವನ್ನೂ ಬಟ್ಟೆಯನ್ನೂ ಗೋಧಿಯ ಗಂಜಿಯಿಂದ ಅಂಟಿಸುತ್ತಾರೆ. ಆ ಮೇಲೆ ಅದಕ್ಕಿರುವ ದೊಡ್ಡ ಶತ್ರು ಬೆಳಕು. ಸೂರ್ಯಸ್ನಾನಕ್ಕೆ ಬನ್ನಿರೆಂದು ಕರೆಯುವ ಹಾಳೆಯನ್ನು ಸೂರ್ಯನಿಂದ ಮರೆಮಾಡಿ ಕತ್ತಲೆಯ ಸೆಳೆಖಾನೆಯಲ್ಲಿಡಬೇಕು! ರೈಲು ನಿಲ್ದಾಣದ ಗೋಡೆಯ ಮೇಲೆ ಕೂಲಿಯವನೂ ಕಂಪನಿಯ ಯಜಮಾನನೂ ಒಂದೇ ದರದಲ್ಲಿ, ಎಂದರೆ ದರವಿಲ್ಲದೆ, ನೋಡಿದ ಚಿತ್ರವದು. ಯಾರ್ಕಿನ ರಾಷ್ಟ್ರೀಯ ರೈಲ್ವೆ ವಸ್ತುಸಂಗ್ರಹಾಲಯದಂತಹ ಸಂಸ್ಥೆಯೂ ಹಾಳೆಗಳನ್ನು ಕತ್ತಲಲ್ಲಿಯೇ ಕಾಯಬೇಕಾಗುತ್ತದೆ. ಆದರೆ ಅಲ್ಲಿನ ಕತ್ತಲೆ ಒಂದು ದಿನ ಯಾರಿಗಾದರೂ ತೋರಿಸುವುದಕ್ಕಾಗಿ. ಖಾಸಗಿ ಸೆಳೆಖಾನೆಯ ಕತ್ತಲೆಯೂ ಹಾಗೆ ಆಗಬಹುದು, ಆಗಲೇಬೇಕೆಂಬ ನಿಯಮವಿಲ್ಲ.

ಆಚಾರ್ಯ ಉಮಾಸ್ವಾಮಿಗಳು ಪರಿಗ್ರಹದ ನೆಲೆಯನ್ನು ವಸ್ತುವಿನಲ್ಲಿ ಹುಡುಕದೆ ಮೂರ್ಛೆಯಲ್ಲಿ ಗುರುತಿಸಿದರು. ಸಂಗ್ರಾಹಕನಲ್ಲಿ ಆ ಮೂರ್ಛೆ ಇದೆಯೋ ಇಲ್ಲವೋ ಎಂದು ಹಾಳೆಗಳನ್ನು ಎಣಿಸಿ ಹೇಳಲಾಗದು. ಐನೂರು ಹಾಳೆಗಳನ್ನು ನಿರ್ಲಿಪ್ತವಾಗಿ ಕಾಯುವವನೂ ಇರಬಹುದು, ಒಂದೇ ಹಾಳೆಯಿಂದ ನಿದ್ದೆಗೆಟ್ಟವನೂ ಇರಬಹುದು. ಇನ್ನೊಂದು ಪರೀಕ್ಷೆಯಿದೆ. ಹಳೆಯ ಮುದ್ರಣಾಲಯವೊಂದರ ಅಟ್ಟದ ಮೇಲೆ, ಅವನಲ್ಲಿರುವ ಅಪರೂಪದ ಪತ್ರದ ನೂರು ಪ್ರತಿಗಳು ಮಡಿಕೆ ಬಿಚ್ಚದೆ ದೊರೆತವೆಂಬ ಸುದ್ದಿ ಬಂದಿತೆನ್ನಿ. ಚಿತ್ರವನ್ನು ಪ್ರೀತಿಸುವವನು ಹಿಗ್ಗಬೇಕು: ತನಗೆ ಪ್ರಿಯವಾದುದನ್ನು ಇನ್ನು ನೂರು ಜನ ನೋಡಬಲ್ಲರು, ತನ್ನ ಪ್ರತಿಯ ಬಣ್ಣವೂ ಮಾಸಿಲ್ಲ. ಆದರೆ ಅವನ ಮನಸ್ಸು ಕುಸಿಯುವುದಾದರೆ ಅವನು ಪ್ರೀತಿಸಿದ್ದು ಚಿತ್ರವನ್ನಲ್ಲ, ಇತರರಲ್ಲಿ ಅದು ಇಲ್ಲದಿರುವುದನ್ನು. ಉಳಿದ ಪ್ರತಿಗಳನ್ನು ಅವನು ನಾಶಮಾಡಲಿಲ್ಲ, ಮಾಡಿಸಲೂ ಇಲ್ಲ. ಆದರೆ ಅವು ನಾಶವಾದುದಕ್ಕೆ ಒಳಗೊಳಗೇ ಸಂತೋಷಪಟ್ಟಿದ್ದಾನೆ. ಕೃತ, ಕಾರಿತಗಳ ಜೊತೆಗೆ ಅನುಮೋದಿತವನ್ನೂ ಲೆಕ್ಕಕ್ಕೆ ಹಿಡಿದ ನಮ್ಮ ಪರಂಪರೆಯ ಸೂಕ್ಷ್ಮ ಇಲ್ಲಿ ಕೆಲಸಕ್ಕೆ ಬರುತ್ತದೆ. ಯಾರಿಗೂ ಅನ್ಯಾಯ ಮಾಡದೆ ಕಾಗದ ಕೂಡಿಟ್ಟವನ ದೋಷ ಎಲ್ಲಿರಬಹುದೆಂಬ ಪ್ರಶ್ನೆಗೆ ಉತ್ತರ ದೊರೆಯುವುದಾದರೆ ಅದು ಈ ಎಡೆಯಲ್ಲಿ. ಅಪರೂಪವೆಂಬುದು ವಸ್ತುವಿನ ಗುಣವಲ್ಲ. ಅದು ಇತರರ ಇಲ್ಲದಿರುವಿಕೆಯ ಹೆಸರು.

ಮಾರುಕಟ್ಟೆಗೆ ಈ ಸಂಗತಿ ಚೆನ್ನಾಗಿ ಗೊತ್ತು. 1931ರಲ್ಲಿ ಲಂಡನ್ ಅಂಡ್ ನಾರ್ತ್ ಈಸ್ಟರ್ನ್ ರೈಲ್ವೆಗಾಗಿ ಟಾಮ್ ಪರ್ವಿಸ್ ಎಂಬ ಕಲಾವಿದನು ಪೂರ್ವತೀರದ ಸುಖಗಳನ್ನು ಕುರಿತು ಆರು ಪತ್ರಗಳ ಮಾಲೆಯನ್ನು ರಚಿಸಿದನು. ನಡಿಗೆ, ಬಿಸಿಲು, ಮಕ್ಕಳ ಆಟ, ಮೀನು ಹಿಡಿಯುವುದು, ಈಜು, ಕಡಲ ಕ್ರೀಡೆ, ಹೀಗೆ ಒಂದೊಂದೂ ತನ್ನಷ್ಟಕ್ಕೆ ಪೂರ್ಣ. ಆದರೆ ಆರನ್ನೂ ಸಾಲಾಗಿ ಜೋಡಿಸಿದರೆ ಒಂದೇ ಕಡಲತೀರ ಅಖಂಡವಾಗಿ ಹರಡಿಕೊಳ್ಳುತ್ತದೆ. ಐದು ಪಡೆದವನು ಇನ್ನು ಐದನ್ನು ನೋಡಲಾರ. ಅವನ ಕಣ್ಣು ಹೋಗುವುದು ಖಾಲಿಯಾದ ಆರನೆಯ ಎಡೆಗೆ. ಇನ್ನೊಂದು ಊರಿನಲ್ಲಿ ಆ ಆರನೆಯದು ಒಬ್ಬನ ಮನೆಯಲ್ಲಿದೆಯೆನ್ನಿ. ಅವನಿಗೆ ಅದು ಸಾಕಾಗಿರುತ್ತದೆ, ಐದರ ನೆನಪೂ ಬಂದಿರುವುದಿಲ್ಲ. ಇಬ್ಬರಿಗೂ ಪರಿಚಯವಾದ ದಿನ ಆ ಒಂದು ಹಾಳೆಯ ಬೆಲೆ ಏರುತ್ತದೆ. ಬಣ್ಣ ಅದೇ, ಕಾಗದ ಅದೇ, ಅಂಚಿನ ಹರುಕೂ ಅದೇ. ತೀರ ಅಖಂಡವಾಗಬೇಕಾದರೆ ಇಬ್ಬರಲ್ಲಿ ಒಬ್ಬನು ಬಿಟ್ಟುಕೊಡಬೇಕು. ಒಂದನ್ನು ಬಿಡುವುದು ಸುಲಭವೋ ಐದನ್ನು ಬಿಡುವುದು ಸುಲಭವೋ ಎಂಬುದನ್ನು ಆ ಇಬ್ಬರೇ ಹೇಳಬೇಕು.