ಸಂಗದ ಬಲ

ಮನುಷ್ಯನು ಸಂಗವಿಲ್ಲದೆ ಬಾಳಲಾರನು. ಸತ್ಸಂಗವು ದೊರೆಯದ ಎಡೆಯನ್ನು ದುಸ್ಸಂಗವು ಆಕ್ರಮಿಸುವುದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ತರುಣರು ವಿದ್ಯೆ ಉದ್ಯೋಗಗಳನ್ನರಸಿ ಬೆಂಗಳೂರನ್ನು ಸೇರುತ್ತಾರೆ. ಅಲ್ಲಿ ‘ಉಂಡೆಯಾ?’ ಎಂದು ಕೇಳುವವರಿಲ್ಲ. ‘ನೀನು ನಮ್ಮವನು’ ಎಂದು ಮೊದಲು ಹೆಗಲ ಮೇಲೆ ಕೈಯಿಡುವವನು ಪುಂಡರ ಗುಂಪಿನವನಾದರೆ, ತರುಣನು ಆ ಮಾತಿಗೇ ಸೋಲುತ್ತಾನೆ. ಆ ಜಗತ್ತನ್ನು ಒಳಹೊಕ್ಕು ಕಂಡ ಅಗ್ನಿ ಶ್ರೀಧರರು ‘ದಾದಾಗಿರಿಯ ದಿನಗಳು’ ಎಂಬ ಆತ್ಮಕಥನವನ್ನು ಬರೆದರು. 2007ರಲ್ಲಿ ಅದನ್ನಾಧರಿಸಿ ‘ಆ ದಿನಗಳು’ ಚಿತ್ರವೂ ಬಂದಿತು. ಪರದೆಯ ಮೇಲೆ ಅದು ಶೌರ್ಯವೆಂದು ತೋರೀತು. ಬಾಳಿನಲ್ಲಾದರೋ, ಠಾಣೆಯಲ್ಲಿ ಒಮ್ಮೆ ರೌಡಿ ಪಟ್ಟಿ ತೆರೆಯಿತೆಂದರೆ ಅದು ವರ್ಷಗಟ್ಟಲೆ ಬೆನ್ನು ಬಿಡದು.

ಶರಣರು ಬಿದ್ದವನನ್ನು ಹೊರನೂಕಲಿಲ್ಲ. ಕನ್ನವಿಕ್ಕುವ ಕಳ್ಳನಾಗಿದ್ದವನೊಬ್ಬನು 12ನೆಯ ಶತಮಾನದ ಶರಣಸಂಗದಲ್ಲಿ ಕನ್ನದ ಮಾರಿತಂದೆಯೆಂಬ ವಚನಕಾರನಾದನೆಂದು ಪರಂಪರೆ ಹೇಳುತ್ತದೆ. ಹಳೆಯ ಕಸುಬು ಹೆಸರಿನಲ್ಲಿ ಉಳಿದಿದ್ದರೂ ಪಂಕ್ತಿಯಲ್ಲಿ ಅವನಿಗೆ ಎಡೆ ದೊರೆಯಿತು.

ಆದುದರಿಂದ ಗೃಹಸ್ಥರು ಮಗನ ಸಂಬಳವನ್ನು ಕೇಳುವ ಮುನ್ನ ಅವನ ಸಂಗಾತಿಗಳನ್ನು ವಿಚಾರಿಸಲಿ. ನಗರದಲ್ಲಿ ನೆಲೆನಿಂತ ಭಕ್ತರು ಊರಿನ ಹುಡುಗನನ್ನು ವಾರಕ್ಕೊಮ್ಮೆಯಾದರೂ ಮನೆಗೆ ಕರೆದು ಪ್ರಸಾದವನ್ನಿಕ್ಕಲಿ. ದಾರಿ ತಪ್ಪಿದವನು ಮರಳಿ ಬಂದು ನಿಂತಾಗ ಬಾಗಿಲು ತೆರೆದಿರಲಿ. ಒಂಟಿಯಾದವನಿಗೆ ಸಂಗವನ್ನೀಯುವುದೂ ದಾಸೋಹವೇ ಸರಿ.